ಮಿಲ್ಲು ಕಳೆದು ಬರೆದ ಇ.ಎಸ್.ಆರ್.

ಈಗ ಲ್ಯಾಬ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ನೀವೆಲ್ಲ ನಿಜವಾಗ್ಲೂ ಬಾಯಲ್ಲೇ ರಕ್ತ ಎಳೀತಿದ್ರಾ?"

ಹೌದು, ಎಳೆಯುತ್ತಿದ್ದೆವು. ಗಾಜಿನ ಪಿಪೆಟ್ಟಿನ ತುದಿಯನ್ನು ತುಟಿಗಿಟ್ಟು, ರಕ್ತ ಗೆರೆ ಮುಟ್ಟುವ ತನಕ ಉಸಿರೆಳೆದು, ಬೆರಳಲ್ಲಿ ಮುಚ್ಚಿ ಹಿಡಿಯುತ್ತಿದ್ದೆವು. ಒಂದೊಂದು ಸಲ ಅದು ಗೆರೆ ದಾಟಿ ನಾಲಿಗೆಗೂ ಬರುತ್ತಿತ್ತು. ಉಗಿದು, ಬಾಯಿ ಮುಕ್ಕಳಿಸಿ, ಮುಂದಿನ ಬಾಟಲಿಗೆ ಕೈ ಹಾಕುತ್ತಿದ್ದೆವು. ಕೇಳಿದವರು ಮುಖ ಕಿವಿಚುತ್ತಾರೆ. ನನಗೆ ಅದರಲ್ಲಿ ಹೆಮ್ಮೆಯೂ ಇಲ್ಲ, ನಾಚಿಕೆಯೂ ಇಲ್ಲ. ಕಾಯಿಲೆ ಅಂಟದೆ ಉಳಿದದ್ದು ಅದೃಷ್ಟ, ಅಷ್ಟೆ. ನೀವು ಹಾಗೆ ಮಾಡಬೇಡಿ ಎಂದು ಬುದ್ಧಿ ಹೇಳುವ ಅಗತ್ಯವೂ ಇಲ್ಲ. ಈಗ ಮಾಡುತ್ತೇನೆಂದರೂ ಬಿಡುವವರಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ ವಿಚಾರ. ಲ್ಯಾಬಿನಿಂದ ಹೊರಗೆ ಹೋದ ಅಂಕಿಗೆ ಮುಂದೆ ಏನೇನಾಗುತ್ತದೆ ಎನ್ನುವುದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ನನಗೆ ಅದನ್ನು ಕಲಿಸಿದ್ದು ಒಂದು ಹಿಟ್ಟಿನ ಮಿಲ್ಲು.

ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಶುರುವಿನಲ್ಲಿ. ಮನೆ ರಾಜಾಜಿನಗರ, ಅಪ್ಪ ಅಲ್ಲಿಯೇ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಲ್ಯಾಬ್ ಇದ್ದದ್ದು ವಿಜಯನಗರದಿಂದ ಅತ್ತಿಗುಪ್ಪೆಗೆ ಹೋಗುವ ರಸ್ತೆಯಲ್ಲಿ, ಒಂದು ಮಹಡಿಯ ಕಟ್ಟಡದ ಮೇಲೆ. ಆಗ ಚಂದ್ರಾ ಲೇಔಟ್ ಕಡೆ ಸೈಟುಗಳಲ್ಲಿ ಮನೆಗಿಂತ ಪಾರ್ಥೇನಿಯಂ ಗಿಡವೇ ಹೆಚ್ಚು. ಸುಂಕದಕಟ್ಟೆ ಕಡೆಯ ರೋಗಿಗಳು ಬಸ್ಸು ಬದಲಾಯಿಸಿಕೊಂಡು ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದರು. ರಕ್ತ ಕೊಟ್ಟ ಮೇಲೆ ನಮ್ಮ ಮೆಟ್ಟಿಲ ಮೇಲೆಯೇ ಕೂತು, ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದು ಹೋಗುತ್ತಿದ್ದರು. ಮೆಟ್ಟಿಲು ಗುಡಿಸುವ ಕೆಲಸವೂ ನನ್ನದೇ ಆಗಿದ್ದರಿಂದ ನನಗೆ ಅದು ಚೆನ್ನಾಗಿ ನೆನಪಿದೆ.

ಲ್ಯಾಬ್ ನಡೆಸುತ್ತಿದ್ದವರು ಡಾಕ್ಟರ್ ಶೇಷಾದ್ರಿ. ಐವತ್ತು ದಾಟಿದ ಮನುಷ್ಯ. ಕತ್ತಿನ ಗುಂಡಿಯವರೆಗೂ ಹಾಕಿದ ಬಿಳಿ ಅಂಗಿ. ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಸ್ಲೈಡ್ ದಪ್ಪಗೆ ಬಳಿದಿದ್ದರೆ ರೋಗಿಯ ಎದುರೇ ಅದನ್ನು ಕಸದ ಬುಟ್ಟಿಗೆ ಹಾಕಿ, "ಇನ್ನೊಂದ್ಸಲ ಚುಚ್ಚಮ್ಮ. ಚುಚ್ಚೋಕೆ ಮುಂಚೆ ಯಾಕೆ ಅಂತ ನೀನೇ ಅವರಿಗೆ ಹೇಳು" ಎನ್ನುತ್ತಿದ್ದರು. ಸೂಜಿಗಳನ್ನು ಕುದಿಸಿ, ಮೊನೆ ಮೊಂಡಾದರೆ ಕಲ್ಲಿಗೆ ಉಜ್ಜಿ ಮತ್ತೆ ಬಳಸುವ ಕಾಲ ಅದು. ರಕ್ತ ಹಿಡಿಯುವುದು ಪೆನಿಸಿಲಿನ್ ಔಷಧದ ಖಾಲಿ ಬುಡ್ಡಿಗಳಲ್ಲಿ. ಅವನ್ನು ತೊಳೆದು ಒಣಗಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಒಂದು ಬುಡ್ಡಿಯಲ್ಲಿ ಸೋಪಿನ ವಾಸನೆ ಬಂದರೂ ಎಲ್ಲವನ್ನೂ ಮತ್ತೆ ತೊಳೆಸುತ್ತಿದ್ದರು. ನಾನು ಅವರನ್ನು ಮನಸ್ಸಿನಲ್ಲಿ ಎಷ್ಟು ಶಪಿಸಿದ್ದೇನೆಂದರೆ, ಅದರಲ್ಲಿ ಅರ್ಧ ತಟ್ಟಿದ್ದರೂ ಅವರು ಉಳಿಯುತ್ತಿರಲಿಲ್ಲ.

ಕೆಳಗೆ ಹಿಟ್ಟಿನ ಮಿಲ್ಲು. ಮಿಲ್ಲೂ ಕಟ್ಟಡವೂ ಚೆನ್ನಪ್ಪನವರದು. ಅವರ ಮನೆತನ ಅತ್ತಿಗುಪ್ಪೆಯ ಹಳೇ ಒಕ್ಕಲು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಿಗೆ ಹೋದ ಮೇಲೆ, ಉಳಿದ ಜಾಗದಲ್ಲಿ ಕಟ್ಟಡ ಎಬ್ಬಿಸಿ ಮಿಲ್ಲು ಹಾಕಿದ್ದರು. "ಬೆಳಿಯೋದಂತೂ ಹೋಯ್ತು, ಬೀಸೋದಾದ್ರೂ ಇರ್ಲಿ ಅಂತ" ಎನ್ನುತ್ತಿದ್ದರು. ದೊಡ್ಡ ಮಿಷನ್ನು ರಾಗಿ, ಗೋಧಿಗೆ; ಚಿಕ್ಕದು ಖಾರದ ಪುಡಿಗೆ. ಮೆಣಸಿನಕಾಯಿ ಬೀಸುವ ದಿನ ಘಾಟು ಮೆಟ್ಟಿಲು ಹತ್ತಿ ನೇರ ನಮ್ಮ ರೂಮಿಗೆ ಬರುತ್ತಿತ್ತು. ಪಿಪೆಟ್ಟು ಬಾಯಲ್ಲಿರುವಾಗ ಸೀನು ಬಂದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಘಾಟನ್ನು ಹೇಗೋ ತಡೆದುಕೊಳ್ಳಬಹುದಿತ್ತು. ತಡೆಯಲಾಗದಿದ್ದದ್ದು ಅದುರು.

ಇ.ಎಸ್.ಆರ್. ಎನ್ನುವ ಪರೀಕ್ಷೆ ನಿಮಗೆಲ್ಲ ಗೊತ್ತು. ಈಗ ಯಂತ್ರ ಮಾಡುತ್ತದೆ. ನಮ್ಮ ಕಾಲದಲ್ಲಿ ಹೆಪ್ಪುಗಟ್ಟದ ಹಾಗೆ ಔಷಧ ಬೆರೆಸಿದ ರಕ್ತವನ್ನು ಸಣ್ಣ ಉದ್ದನೆಯ ಗಾಜಿನ ಕೊಳವೆಗೆ ಎಳೆದು, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದೆವು. ಕೆಂಪು ಕಣಗಳು ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವು ಎಂದು ನೋಡಿ ಬರೆಯುವುದು. ಮೈಯಲ್ಲಿ ಎಲ್ಲಾದರೂ ಉರಿಯೂತವಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಎಲ್ಲಿ ಉರಿಯುತ್ತಿದೆ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಉರಿಯುತ್ತಿದೆ ಎಂದಷ್ಟೇ ಹೇಳುತ್ತದೆ. ಅದಕ್ಕೆ ಕರೆಂಟು ಬೇಡ, ದುಬಾರಿ ಸಾಮಾನು ಬೇಡ. ಕೊಳವೆ ಆ ಒಂದು ಗಂಟೆ ಅಲ್ಲಾಡದೆ, ವಾಲದೆ ನಿಂತಿದ್ದರೆ ಸಾಕು.

ನಮ್ಮಲ್ಲಿ ಅದೊಂದೇ ಆಗುತ್ತಿರಲಿಲ್ಲ. ಮಿಲ್ಲು ಶುರುವಾದರೆ ಮೇಜು ಅದುರುತ್ತಿತ್ತು, ಸ್ಟ್ಯಾಂಡಿನ ತಿರುಪು ಸಡಿಲಾಗುತ್ತಿತ್ತು, ಕೊಳವೆ ಕಣ್ಣಿಗೆ ಕಾಣದಷ್ಟು ವಾಲುತ್ತಿತ್ತು. ಎಲ್ಲರ ಇ.ಎಸ್.ಆರ್. ಇರಬೇಕಾದ್ದಕ್ಕಿಂತ ಜಾಸ್ತಿ. ಸ್ಟ್ಯಾಂಡಿನ ಕೆಳಗೆ ಮಡಿಸಿದ ಕಂಬಳಿ ಇಟ್ಟೆವು, ಸೈಕಲ್ ಟ್ಯೂಬು ಇಟ್ಟೆವು, ಟ್ರೇಯಲ್ಲಿ ಮರಳು ತುಂಬಿ ಅದರ ಮೇಲಿಟ್ಟೆವು. ಏನು ಮಾಡಿದರೂ ಅಷ್ಟೇ. ಕೊನೆಗೆ ಶೇಷಾದ್ರಿಯವರು ಒಂದು ದಿನ ತಾವಾಗಿ ಕೆಳಗಿಳಿದು ಹೋಗಿ, ಬೆಳಿಗ್ಗೆ ಒಂದು ಗಂಟೆ ಮಿಲ್ಲು ನಿಲ್ಲಿಸಬಹುದೇ ಎಂದು ಕೇಳಿದರು.

"ಡಾಕ್ಟ್ರೇ, ಮಿಲ್ಲು ಮೊದ್ಲು ಬಂದಿದ್ದು, ನೀವು ಆಮೇಲ್ ಬಂದಿದ್ದು," ಎಂದರು ಚೆನ್ನಪ್ಪ. "ಹತ್ತು ಗಂಟೆಗೆ ನಿಲ್ಸುದ್ರೆ ಡಬ್ಬಿ ಹಿಡ್ಕಂಡ್ ನಿಂತಿರೋ ಹೆಂಗಸ್ರು ನನ್ನ ಸುಮ್ನೆ ಬುಟ್ಟಾರಾ? ಅಷ್ಟು ಅಡಚಣೆ ಆದ್ರೆ ಬೇರೆ ಕಡೆ ನೋಡ್ಕಳಿ."

ಶೇಷಾದ್ರಿಯವರು ಎರಡನೇ ಸಲ ಕೇಳುವ ಜಾತಿಯಲ್ಲ. ಮೇಲೆ ಬಂದು ಬೇರೆ ದಾರಿ ಕಂಡುಕೊಂಡರು. ಮಿಲ್ಲಿಗೆ ರಜವಿದ್ದ ಅಮಾವಾಸ್ಯೆಯ ದಿನ ಅವರದೂ ನನ್ನದೂ ರಕ್ತ ನಿಲ್ಲಿಸಿ ನೋಡಿದರು. ಮರುದಿನ ರಾಗಿ ಬೀಸುವಾಗ ಅದನ್ನೇ ಮಾಡಿದರು; ಖಾರದ ಪುಡಿ ಬೀಸುವಾಗ ಮತ್ತೊಮ್ಮೆ. ಹೀಗೆ ಕೆಲವು ಅಮಾವಾಸ್ಯೆಗಳಾದ ಮೇಲೆ ದೊಡ್ಡ ಮಿಷನ್ನಿಗೆ ಇಷ್ಟು, ಚಿಕ್ಕದಕ್ಕೆ ಇಷ್ಟು, ಎರಡೂ ನಡೆದರೆ ಇಷ್ಟು ಎಂದು ಲೆಕ್ಕ ಕಟ್ಟಿದರು. ಅಂದಿನಿಂದ ಕೊಳವೆ ಓದುವ ಮುಂಚೆ ನಾನು ಕಿಟಕಿಯಿಂದ ಬಗ್ಗಿ ಕೂಗುವುದು ವಾಡಿಕೆಯಾಯಿತು.

"ಚೆನ್ನಪ್ಪನೋರೇ, ಏನು ಬೀಸ್ತಾ ಇದೀರಾ?"

"ರಾಗಿ ಕಣಮ್ಮೋ. ಯಾಕೆ, ಮುದ್ದೆ ಮಾಡ್ತೀಯಾ?"

ರಾಗಿ ಎಂದರೆ ಇಪ್ಪತ್ತು ಕಳೆಯುವುದು. ಕಳೆದು ಉಳಿದದ್ದನ್ನು ರಿಪೋರ್ಟಿನಲ್ಲಿ ಬರೆಯುವುದು. "ಮಿಲ್ಲು ಕಳೆದೆಯೇನಮ್ಮಾ?" ಎಂದು ಶೇಷಾದ್ರಿಯವರು ಕೇಳುವುದು, "ಕಳೆದಿದೀನಿ ಸಾರ್" ಎಂದು ನಾನು ಹೇಳುವುದು, ಅವರು ಸಹಿ ಹಾಕುವುದು. ನಗಬೇಡಿ. ಆಗ ನಮಗೆ ಇದು ಬಹಳ ಅಚ್ಚುಕಟ್ಟಾದ ವ್ಯವಸ್ಥೆಯಾಗಿ ಕಾಣುತ್ತಿತ್ತು. ಕಳೆದು ಬರೆಯುತ್ತೇವೆಂದು ಹೊರಗಿನ ಯಾರಿಗೂ ಹೇಳಬೇಕೆಂದು ಅನಿಸಲಿಲ್ಲ. ಸರಿಯಾದ ಅಂಕಿ ಕೊಡುವುದು ನಮ್ಮ ಕೆಲಸ, ಕೊಡುತ್ತಿದ್ದೇವೆ ಎನ್ನುವ ಭಾವನೆ.

ಎದುರು ಸಾಲಿನಲ್ಲಿ ಮಕ್ಕಳ ಡಾಕ್ಟರ್ ವರದರಾಜ್ ಅವರ ಕ್ಲಿನಿಕ್ಕು. ಶೇಷಾದ್ರಿಯವರಿಗಿಂತ ಚಿಕ್ಕವರು, ಮಾತುಗಾರರು. ದಿನಾ ಹನ್ನೊಂದು ಗಂಟೆಯ ಸುಮಾರಿಗೆ ಮೇಲೆ ಬಂದು, ಫ್ಲಾಸ್ಕಿನ ಕಾಫಿ ಇಬ್ಬರೂ ಕುಡಿದು, ತಮ್ಮ ರೋಗಿಗಳ ರಿಪೋರ್ಟು ತೆಗೆದುಕೊಂಡು ಹೋಗುತ್ತಿದ್ದರು. ಮೇಜು ಗಡಗಡ ಎನ್ನುವಾಗ ಲೋಟವನ್ನು ಕೈಯಲ್ಲೇ ಹಿಡಿದಿಟ್ಟುಕೊಂಡು, "ಸಾರ್, ನಿಮ್ಮ ಲ್ಯಾಬಲ್ಲಿ ಕಾಫಿಗೆ ಸಕ್ಕರೆ ಕಲಕೋ ಕೆಲಸ ಇಲ್ಲ" ಎನ್ನುತ್ತಿದ್ದರು. ಅಂಥ ಮಾತು ಕೇಳಿಯೂ ನಮ್ಮಿಬ್ಬರಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ.

ಆ ಹೊತ್ತಿಗೆ ಸಿ.ಆರ್.ಪಿ. ಪರೀಕ್ಷೆಯ ಕಿಟ್ಟು ನಮ್ಮ ಲ್ಯಾಬಿಗೆ ಬಂದಿತ್ತು. ಇದೂ ಉರಿಯೂತವನ್ನು ಹೇಳುವ ಪರೀಕ್ಷೆಯೇ. ಕಪ್ಪು ಗಾಜಿನ ಮೇಲೆ ರೋಗಿಯ ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ, ಒಂದು ಹನಿ, ಕಿಟ್ಟಿನ ಬಿಳಿ ದ್ರವ ಒಂದು ಹನಿ ಬಿಟ್ಟು, ಕಡ್ಡಿಯಲ್ಲಿ ಕಲಸಿ ಗಾಜನ್ನು ಮೆಲ್ಲಗೆ ತೂಗಬೇಕು. ಉರಿಯೂತವಿದ್ದರೆ ಹಾಲು ಒಡೆದ ಹಾಗೆ ಕಣಕಣವಾಗುತ್ತದೆ. ಮಿಲ್ಲಿನ ಅದುರು ಇದನ್ನು ಏನೂ ಮಾಡುತ್ತಿರಲಿಲ್ಲ. ಆದರೆ ಹೊಸ ವಸ್ತು, ದುಬಾರಿ. ಡಾಕ್ಟರು ಬರೆದುಕೊಟ್ಟರೆ ಮಾತ್ರ ಮಾಡುವುದು. ಬರೆದುಕೊಡುವವರು ಕಡಿಮೆ. ಕಿಟ್ಟು ಫ್ರಿಜ್ಜಿನಲ್ಲಿ ಕೂತಿರುತ್ತಿತ್ತು.

ಚೆನ್ನಪ್ಪನವರ ಮಗಳು ಜಯಮ್ಮ. ಗಂಡನ ಮನೆಯೂ ಅತ್ತಿಗುಪ್ಪೆಯಲ್ಲೇ. ಅವಳ ಮಗ ಮಂಜನಿಗೆ ನಾಲ್ಕು ವರ್ಷ. ಹಗಲೆಲ್ಲ ತಾತನ ಮಿಲ್ಲಿನಲ್ಲೇ ಬೆಳೆಯುತ್ತಿದ್ದ ಹುಡುಗ. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಹಿಟ್ಟು. ದಿನಕ್ಕೊಮ್ಮೆ ಮೆಟ್ಟಿಲ ಮೇಲೆ ಬಿಳಿ ಹೆಜ್ಜೆ ಮೂಡಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಆಂಟೀ, ಬುಡ್ಡಿ." ಬಾಯಿ ಒಡೆದ ಪೆನಿಸಿಲಿನ್ ಬುಡ್ಡಿಯನ್ನಂತೂ ಕೊಡುವ ಹಾಗಿಲ್ಲ, ನಾನು ಒಳ್ಳೆಯದನ್ನೇ ತೊಳೆದು ಕೊಡುತ್ತಿದ್ದೆ. ಅದಕ್ಕೆ ಹಿಟ್ಟು ತುಂಬಿ ಅಂಗಡಿ ಆಟ ಆಡುತ್ತಿದ್ದ. ನಾನು ಗುಡಿಸಿದ ಮೆಟ್ಟಿಲನ್ನು ಬಿಳಿ ಮಾಡುವವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರುತ್ತಿರಲಿಲ್ಲ.

ಯುಗಾದಿ ಮುಗಿದ ಮೇಲೆ ಒಂದು ವಾರ ಅವನು ಬರಲಿಲ್ಲ. ಜ್ವರ ಎಂದರು. ಕಣ್ಣು ಕೆಂಪು, ತುಟಿ ಒಡೆದು ರಕ್ತ, ಮೈಮೇಲೆಲ್ಲ ಕೆಂಪು ದದ್ದು. ಅಜ್ಜಿ, "ಅಮ್ಮ ಆಗಿದೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ವರದರಾಜ್ ನೋಡಿ ದಡಾರ ಎಂದರು. ಆ ಬೇಸಗೆಯಲ್ಲಿ ಬೀದಿಗೆ ಇಬ್ಬರು ಮಕ್ಕಳಿಗೆ ದಡಾರ ಇತ್ತು. ಯಾರೇ ನೋಡಿದ್ದರೂ ಹಾಗೇ ಹೇಳುತ್ತಿದ್ದರು. ದದ್ದು ಹೋಯಿತು, ಜ್ವರ ಹೋಗಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದರು.

ಅವತ್ತು ದೊಡ್ಡ ಮಿಷನ್ನಿನಲ್ಲಿ ರಾಗಿ. ಮಂಜನ ಕೊಳವೆ ಅರವತ್ತರ ಮೇಲೆ ತೋರಿಸಿತು. ಅಷ್ಟು ಚಿಕ್ಕ ಮಗುವಿಗೆ ಹತ್ತರ ಆಸುಪಾಸು ಇರಬೇಕು; ಇದು ತೀರಾ ಜಾಸ್ತಿ. ನಾವು ರಾಗಿ ಕಳೆದು ನಲವತ್ತರ ಸುಮಾರು ಬರೆದೆವು. ವರದರಾಜ್ ಕಾಫಿ ಕುಡಿಯುತ್ತಾ ರಿಪೋರ್ಟು ನೋಡಿ, "ಪರವಾಗಿಲ್ಲ, ದಡಾರದ ಉಳಿಕೆ ಇರುತ್ತೆ" ಎಂದು ಮಡಿಸಿ ಜೇಬಿಗಿಟ್ಟುಕೊಂಡರು.

ಅದಾದ ಮೇಲಿನ ವಾರ ಜಯಮ್ಮ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಹಿಂದೆ ಚೆನ್ನಪ್ಪನವರು. ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ಊಟ ಸೇರುತ್ತಿಲ್ಲ, ಇನ್ನೊಮ್ಮೆ ರಕ್ತ ನೋಡಬೇಕಂತೆ ಎಂದಳು. ಮಂಜ ಬುಡ್ಡಿ ಕೇಳಲಿಲ್ಲ. ಸೂಜಿ ಚುಚ್ಚಿದರೂ ಜೋರಾಗಿ ಅಳಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ. ಆದರೆ ಅದನ್ನು ಬರೆಯುವುದಕ್ಕೆ ರಿಪೋರ್ಟಿನಲ್ಲಿ ಜಾಗವಿಲ್ಲ.

ಬೇಸಗೆಯ ಲೋಡ್ ಶೆಡ್ಡಿಂಗ್ ಕಾಲ. ನಾನು ಕೊಳವೆ ನಿಲ್ಲಿಸುವ ಹೊತ್ತಿಗೆ ಕರೆಂಟು ಹೋಯಿತು. ಮಿಲ್ಲು ಎಳೆದುಕೊಂಡು ನಿಂತಿತು. ಕಟ್ಟಡಕ್ಕೆ ಕಟ್ಟಡವೇ ಸುಮ್ಮನಾಯಿತು. ಕಿಟಕಿಯ ಬೆಳಕಿನಲ್ಲಿ ಉಳಿದ ಕೆಲಸ ಮಾಡಿಕೊಂಡು, ಗಂಟೆಯಾದಾಗ ಕೊಳವೆ ನೋಡಿದೆ. ತೊಂಬತ್ತು ದಾಟಿತ್ತು. ಸ್ಟ್ಯಾಂಡು ಅಲ್ಲಾಡಿಸಿ ನೋಡಿದೆ. ತಿರುಪು ಬಿಗಿಯಾಗಿತ್ತು.

ಶೇಷಾದ್ರಿಯವರು ಬಂದು ಎಂದಿನಂತೆ ಕೇಳಿದರು. "ಮಿಲ್ಲು ಕಳೆದೆಯೇನಮ್ಮಾ?"

"ಕರೆಂಟೇ ಇಲ್ಲ ಸಾರ್. ಏನು ಕಳೀಲಿ?"

ಅವರು ಕನ್ನಡಕ ಏರಿಸಿಕೊಂಡು ಕೊಳವೆಯ ಮುಂದೆ ಬಗ್ಗಿ ನಿಂತರು. ಅಷ್ಟರಲ್ಲಿ ವರದರಾಜ್ ಕಾಫಿಗೆ ಬಂದರು. ಶೇಷಾದ್ರಿಯವರು ಪಕ್ಕಕ್ಕೆ ಸರಿದು ಕೊಳವೆ ತೋರಿಸಿದರು.

"ಯಾರದ್ದು ಸಾರ್? ಚೆನ್ನಪ್ಪನ ಮೊಮ್ಮಗಂದಾ?" ವರದರಾಜ್ ಬಗ್ಗಿ ನೋಡಿದರು. "ಇದರಲ್ಲಿ ಮಿಲ್ಲಿಂದು ಎಷ್ಟು?"

"ಇವತ್ತು ಮಿಲ್ಲಿಲ್ಲ."

"ಸರಿ, ಹೋದ ವಾರ ಇತ್ತಲ್ಲ, ಅದು?"

"ಹೋದ ವಾರದ್ದು ಕಳೆದೇ ಕಳಿಸಿದ್ದೆ."

ವರದರಾಜ್ ತಲೆಯೆತ್ತಿದರು. "ನೀವು ಕಳೀತೀರಾ?"

"ಯಾವಾಗ್ಲೂ."

"ಸಾರ್, ನಾನೂ ಕಳೀತೀನಿ. ನಿಮ್ಮ ರಿಪೋರ್ಟು ಬಂದ ತಕ್ಷಣ ಮಿಲ್ಲಿಗೆ ಅಂತ ಇಪ್ಪತ್ತು ತೆಗೆದೇ ಓದ್ತೀನಿ. ಈ ಏರಿಯಾದಲ್ಲಿ ಎಲ್ಲಾ ಡಾಕ್ಟ್ರೂ ಹಾಗೇ ಓದೋದು."

ಅರವತ್ತು ನಮ್ಮ ಕೈಯಲ್ಲಿ ನಲವತ್ತಾಗಿತ್ತು, ಅವರ ಕಣ್ಣಲ್ಲಿ ಇಪ್ಪತ್ತಾಗಿತ್ತು. ಇಬ್ಬರೂ ಬುದ್ಧಿವಂತರು, ಇಬ್ಬರೂ ಜಾಗರೂಕರು, ದಿನಾ ಒಂದೇ ಫ್ಲಾಸ್ಕಿನ ಕಾಫಿ ಕುಡಿಯುವವರು. ಒಬ್ಬರು ಇನ್ನೊಬ್ಬರಿಗೆ ಹೇಳಿರಲಿಲ್ಲ. ಅವತ್ತಿನ ಕಾಫಿ ಲೋಟದಲ್ಲೇ ಕೆನೆಗಟ್ಟಿತು.

"ಸುಲೋಚನಾ, ಸಿ.ಆರ್.ಪಿ. ಹಾಕು. ಬರೆದುಕೊಡೋದೆಲ್ಲ ಆಮೇಲೆ," ಎಂದರು ಶೇಷಾದ್ರಿ. ಗಾಜನ್ನು ಎರಡು ಸಲ ತೂಗುವುದರೊಳಗೆ ಹನಿ ಒಡೆಯಿತು. ಸೀರಂ ನೀರು ಮಾಡಿ ಹಾಕಿದೆ, ಮತ್ತೆ ಒಡೆಯಿತು. ಇನ್ನೂ ನೀರು ಮಾಡಿದೆ, ಮತ್ತೂ ಒಡೆಯಿತು; ಉರಿಯೂತ ಅಷ್ಟು ಜೋರಾಗಿತ್ತು. ಶೇಷಾದ್ರಿಯವರು ಸೂಕ್ಷ್ಮದರ್ಶಕದ ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿ ಸ್ಲೈಡ್ ನೋಡಿದರು. ಹೆಪ್ಪುಗಟ್ಟಿಸುವ ಕಣಗಳು, ಅಂದರೆ ಪ್ಲೇಟ್‌ಲೆಟ್ಟುಗಳು, ರಾಶಿ ರಾಶಿ ಬಿದ್ದಿದ್ದವು. ವರದರಾಜ್ ಅಷ್ಟರಲ್ಲಿ ಬೆಂಚಿನ ಹತ್ತಿರ ಹೋಗಿ ಜಯಮ್ಮನ ತೊಡೆಯ ಮೇಲಿದ್ದ ಮಂಜನ ಕೈ ಹಿಡಿದಿದ್ದರು. ಬೆರಳ ತುದಿಯಲ್ಲಿ, ಉಗುರಿನ ಅಂಚಿಗೆ ಚರ್ಮ ಸುಲಿಯುತ್ತಿತ್ತು.

ಒಳಗೆ ಬಂದಾಗ ಅವರ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ. "ಸಾರ್, ಇದು ದಡಾರ ಅಲ್ಲ. ಜಪಾನಿನ ಡಾಕ್ಟರೊಬ್ಬರು ಬರೆದಿರೋ ಕಾಯಿಲೆ ಇದೆ. ಪತ್ರಿಕೆಯಲ್ಲಿ ಓದಿದೀನಿ, ಕಣ್ಣಲ್ಲಿ ನೋಡಿಲ್ಲ. ರಕ್ತನಾಳದಲ್ಲಿ ಉರಿಯೂತ. ಹೃದಯಕ್ಕೆ ರಕ್ತ ಕೊಡೋ ನಾಳಾನೇ ಹಿಡಿಯುತ್ತೆ." ಕ್ಲಿನಿಕ್ಕಿನ ಬಾಗಿಲು ಹಾಕಿಸಿ, ತಾವೇ ಆಟೋದಲ್ಲಿ ಕೂತು ತಾಯಿ ಮಗುವನ್ನು ಊರ ದೊಡ್ಡ ಹೃದಯದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ಎದೆಯ ಸ್ಕ್ಯಾನ್ ಮಾಡಿ ನೋಡಿದರು. ಎಡಗಡೆಯ ನಾಳ ಒಂದು ಕಡೆ ಅಗಲವಾಗಿ ಉಬ್ಬಿಕೊಂಡಿತ್ತು. ಮರುದಿನ ಚೆನ್ನಪ್ಪನವರು ಅದನ್ನು ನನಗೆ ವಿವರಿಸಿದ್ದು ಹೀಗೆ: "ಸೈಕಲ್ ಟ್ಯೂಬು ಸವೆದಿರೋ ಕಡೆ ಉಬ್ಕಳ್ಳಲ್ವೇನಮ್ಮ, ಹಂಗಾಗೈತಂತೆ ಗುಂಡಿಗೆ ನರ. ತಿರುಗಾ ಮೊದ್ಲಿನಂಗೆ ಆದ್ರೂ ಆಗ್ಬೋದಂತೆ. ಇಲ್ಲ ಅಂದ್ರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಮುಚ್ಕಂಡ್ರೂ ಮುಚ್ಕಬೋದಂತೆ."

ಔಷಧ ಆಗ ಇದ್ದದ್ದು ಮುಖ್ಯವಾಗಿ ಆಸ್ಪಿರಿನ್. ಅದನ್ನು ಎಷ್ಟು ಕೊಡಬೇಕು, ಯಾವಾಗ ಇಳಿಸಬೇಕು ಎನ್ನುವುದಕ್ಕೆ ಹೃದಯದ ಡಾಕ್ಟರು ಎರಡನ್ನು ನೋಡುತ್ತಿದ್ದರು: ಸ್ಕ್ಯಾನು ಮತ್ತು ರಕ್ತ. ವಾರಕ್ಕೊಮ್ಮೆ ಇ.ಎಸ್.ಆರ್., ಸಿ.ಆರ್.ಪಿ. ಆಗಬೇಕು. ಉರಿಯೂತ ಆರಿದೆ ಎಂದು ರಕ್ತ ಹೇಳುವವರೆಗೆ ಏನನ್ನೂ ಬದಲಾಯಿಸುವ ಹಾಗಿಲ್ಲ.

ಚೆನ್ನಪ್ಪನವರು ಹಾಗೆ ಹೇಳಿದ ದಿನವೇ ಮಧ್ಯಾಹ್ನ ಶೇಷಾದ್ರಿಯವರು ಅಂಗಿಯ ತೋಳು ಸರಿಮಾಡಿಕೊಂಡು, "ನಡಿಯಮ್ಮ, ಕೆಳಗೆ ಹೋಗೋಣ" ಎಂದರು. ನನ್ನನ್ನು ಯಾಕೆ ಕರೆದರೋ ಗೊತ್ತಿಲ್ಲ. ಬಹುಶಃ ಒಬ್ಬರೇ ಹೋಗಲು ಅವರಿಗೂ ಕಷ್ಟವಾಗಿರಬೇಕು.

ಮಿಲ್ಲಿನಲ್ಲಿ ಗಿರಾಕಿಗಳಿರಲಿಲ್ಲ. ಚೆನ್ನಪ್ಪನವರು ರಾಗಿ ಮೂಟೆಯ ಮೇಲೆ ಕೂತಿದ್ದರು. ಶೇಷಾದ್ರಿಯವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮಿಲ್ಲು ಅದುರುವುದು, ನಾವು ಕಳೆಯುವುದು, ವರದರಾಜ್ ಮತ್ತೆ ಕಳೆಯುವುದು, ಅದರಿಂದ ಒಂದು ವಾರ ತಡವಾದದ್ದು. ಒಂದನ್ನೂ ಮೃದು ಮಾಡಲಿಲ್ಲ.

ಚೆನ್ನಪ್ಪನವರು ಮಿಷನ್ನಿನ ಕಡೆ ನೋಡಿದರು. "ಅಂದ್ರೆ ನನ್ನ ಮಿಲ್ಲೇ ನನ್ನ ಮೊಮ್ಮಗನ ಕಾಯ್ಲೆ ಮುಚ್ಚಾಕ್ತು ಅನ್ನಿ. ನೀವು ಅವತ್ತೇ ಕೇಳಿದ್ರಿ. ನಾನು ನಿಲ್ಸಕ್ಕಾಗಲ್ಲ ಅಂದೆ."

ಆಗ ಶೇಷಾದ್ರಿಯವರು ಹೌದು ಎಂದಿದ್ದರೆ ಸಾಕಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಎಲ್ಲ ಭಾರವೂ ಆ ಮೂಟೆಯ ಮೇಲೆ ಕೂತವರ ತಲೆಗೇ ಹೋಗುತ್ತಿತ್ತು.

"ಇಲ್ಲ ಚೆನ್ನಪ್ಪ," ಎಂದರು. "ಮಿಲ್ಲು ಅದುರಿಸ್ತು. ಅದುರೋದು ಅದರ ಸ್ವಭಾವ. ಅದುರಿದ್ದನ್ನ ಬಾಯಿಬಿಟ್ಟು ಹೇಳದೆ ಒಳಗೊಳಗೇ ಕಳೆದಿದ್ದು ನಾವು. ನಿಮಗೆ ನಮ್ಮ ಮೇಲೆ ನಂಬಿಕೆ ಇಲ್ಲದಿದ್ರೆ ಮಗೂನ ರಕ್ತ ಬೇರೆ ಕಡೆ ಕೊಡಿ. ನಾನೇ ವಿಳಾಸ ಬರೆದುಕೊಡ್ತೀನಿ."

ನಾನು ಅವರ ಮೇಲೆ ಎಷ್ಟೋ ದಿನ ಹಾಕಿದ್ದ ಶಾಪಗಳನ್ನೆಲ್ಲ ಆ ಕ್ಷಣದಲ್ಲಿ ವಾಪಸು ತೆಗೆದುಕೊಂಡೆ. ದೊಡ್ಡವರು ತಪ್ಪು ಮಾಡುವುದನ್ನು ಆಮೇಲೆ ಬಹಳ ಕಡೆ ನೋಡಿದ್ದೇನೆ. ಕೆಳಗಿಳಿದು ಹೋಗಿ ಹೇಳಿದವರನ್ನು ಅಷ್ಟಾಗಿ ನೋಡಿಲ್ಲ.

ಚೆನ್ನಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು. "ಎಷ್ಟೊತ್ತು ನಿಲ್ಸಬೇಕು?"

"ಒಂದು ಗಂಟೆ. ಹತ್ತರಿಂದ ಹನ್ನೊಂದು."

"ವಾರಕ್ಕೊಂದಿನಾನಾ, ದಿನಾನಾ?"

"ಮಂಜನಿಗಾದ್ರೆ ವಾರಕ್ಕೊಂದಿನ ಸಾಕು."

"ಮಿಕ್ಕೋರ ಮಕ್ಕಳು ಮಕ್ಕಳಲ್ವಾ?" ಎಂದು ಎದ್ದು ಹೋದರು. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಿಷನ್ನಿನ ಬೆಲ್ಟು ಕೆಳಗಿಳಿಯಿತು, ಮಿಲ್ಲು ನಿಂತಿತು.

ಹೆಂಗಸರು ಗೊಣಗಿದರು. ಮಿಲ್ಲಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದರು, ಚೆನ್ನಪ್ಪ ಹರಕೆ ಹೊತ್ತಿದ್ದಾನೆ ಎಂದರು. ನಾವು ಕಳೆಯುವುದನ್ನು ಅವತ್ತೇ ಬಿಟ್ಟೆವು. ಸುತ್ತಲ ಡಾಕ್ಟರುಗಳ ಹತ್ತಿರ ಶೇಷಾದ್ರಿಯವರು ತಾವೇ ಹೋಗಿ, ಇನ್ನು ಮುಂದೆ ನಮ್ಮ ಅಂಕಿಯಿಂದ ಏನೂ ತೆಗೆಯಬೇಡಿ, ಹಿಂದೆ ಹೀಗಾಗಿತ್ತು ಎಂದು ಹೇಳಿ ಬಂದರು. ಕೆಲವರು ನಕ್ಕರಂತೆ. ನಗುವುದಕ್ಕೆ ಅವರು ತಕರಾರು ಮಾಡಲಿಲ್ಲ.

ಮಂಜನ ಅಂಕಿ ವಾರ ವಾರ ಇಳಿಯತೊಡಗಿತು. ಸಿ.ಆರ್.ಪಿ. ಬೇಗ ಇಳಿಯಿತು, ಇ.ಎಸ್.ಆರ್. ತನ್ನ ಪಾಡಿಗೆ ನಿಧಾನ. ನಡುವೆ ಒಂದು ವಾರ ಅದು ಇದ್ದಕ್ಕಿದ್ದಂತೆ ಏರಿತು. ಮಿಲ್ಲು ನಿಂತಿತ್ತು, ರಕ್ತ ಹೊಸದು, ಕೊಳವೆ ಚೊಕ್ಕಟ. ಚೆನ್ನಪ್ಪನವರು ಮೇಲೆ ಬಂದು ಸ್ಟ್ಯಾಂಡಿನ ಮುಂದೆ ಒಂದು ಕಣ್ಣು ಮುಚ್ಚಿಕೊಂಡು ನೋಡಿದರು. "ಇದು ನೆಟ್ಟಗಿಲ್ಲ ಕಣಮ್ಮ" ಎಂದರು. ನನಗೆ ನೆಟ್ಟಗೇ ಕಂಡಿತ್ತು. ಚಂದ್ರಾ ಲೇಔಟಿನಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯೊಬ್ಬರಿಂದ ಗೋಡೆಗೆ ಹಿಡಿಯುವ ತೂಕದ ಗುಂಡು ತಂದು, ದಾರ ಇಳಿಬಿಟ್ಟು ತೋರಿಸಿದರು. ದಿನಾ ಅದುರಿ ಅದುರಿ ಮೇಜಿನ ಕಾಲೇ ಒಂದು ಕಡೆ ಕುಸಿದಿತ್ತು. ಕಾಲಿಗೆ ಚಕ್ಕೆ ಕೊಟ್ಟು, ದಾರಕ್ಕೆ ಸರಿಯಾಗಿ ಸ್ಟ್ಯಾಂಡು ನಿಲ್ಲಿಸಿ, ಅದೇ ರಕ್ತವನ್ನು ಮತ್ತೆ ಹಾಕಿದೆ. ಅಂಕಿ ಹಿಂದಿನ ವಾರಕ್ಕಿಂತ ಕೆಳಗೇ ಬಂತು. ಗುಂಡನ್ನು ಮೇಸ್ತ್ರಿಗೆ ವಾಪಸು ಕೊಡಲೇ ಇಲ್ಲ. ನಾನು ಆ ಲ್ಯಾಬ್ ಬಿಡುವವರೆಗೂ ಅದು ಸ್ಟ್ಯಾಂಡಿನ ಪಕ್ಕದಲ್ಲೇ ತೂಗುತ್ತಿತ್ತು.

ಮೊದಲ ವಾರವೇ ತಿಳಿದಿದ್ದರೆ ನಾಳ ಉಬ್ಬುತ್ತಿರಲಿಲ್ಲವೇ ಎಂದು ಒಮ್ಮೆ ವರದರಾಜ್ ಅವರನ್ನು ಕೇಳಿದೆ. ಈಗಿರುವ ಔಷಧದಲ್ಲಿ ಅದನ್ನು ಯಾರೂ ಖಂಡಿತವಾಗಿ ಹೇಳಲಾರರು ಎಂದರು. ಆಮೇಲೆ, "ಹಾಗಂತ ನಾನು ಸಮಾಧಾನ ಮಾಡ್ಕೊಂಡಿಲ್ಲ ಸುಲೋಚನಾ" ಎಂದರು. ಕಾಫಿಗೆ ಬರುವುದನ್ನು ಅವರು ಬಿಡಲಿಲ್ಲ. ಆದರೆ ರಿಪೋರ್ಟನ್ನು ಜೇಬಿಗಿಡುವ ಮುಂಚೆ ಪ್ರತಿಯೊಂದರ ಬಗ್ಗೆಯೂ ಕೇಳುವುದನ್ನು ಕಲಿತರು: ಹೇಗೆ ಮಾಡಿದಿರಿ, ಯಾವಾಗ ಮಾಡಿದಿರಿ. ಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ನಿಮ್ಮಲ್ಲಿಗೂ ಯಾರಾದರೂ ಹಾಗೆ ಕೇಳಿಕೊಂಡು ಬಂದರೆ ಕೂರಿಸಿ ಕಾಫಿ ಕೊಡಿ.

ಮುಂಗಾರು ಕಳೆದು ಗೌರಿ ಹಬ್ಬ ಹತ್ತಿರ ಬಂತು. ಹೃದಯದ ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ನಾಳ ಹೆಚ್ಚುಕಡಿಮೆ ಮೊದಲಿನ ಅಗಲಕ್ಕೆ ಬಂದಿದೆ ಎಂದಿದ್ದರು. ಈ ಸಲದ ರಕ್ತವೂ ಸರಿಯಿದ್ದರೆ ಔಷಧ ನಿಲ್ಲಿಸಬಹುದು, ಇಲ್ಲದಿದ್ದರೆ ಮುಂದುವರಿಸಬೇಕು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಜಯಮ್ಮ ಮಂಜನನ್ನು ನಡೆಸಿಕೊಂಡು ಬಂದಳು. ಸೂಜಿ ಕಂಡ ತಕ್ಷಣ ಅವನು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅರಚಿದ. ನನಗೆ ಎಷ್ಟು ಸಂತೋಷವಾಯಿತೆಂದರೆ, ಒಂದಲ್ಲ ಎರಡು ಬುಡ್ಡಿ ಕೊಟ್ಟೆ.

ಹಬ್ಬಕ್ಕೆ ಕಡುಬಿನ ಹಿಟ್ಟು ಮಾಡಿಸುವವರ ಸಾಲು ಮಿಲ್ಲಿನ ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ಹತ್ತು ಗಂಟೆಗೆ ಚೆನ್ನಪ್ಪನವರು ಬೆಲ್ಟು ಇಳಿಸಿದರು. ಒಬ್ಬ ಮುದುಕಿಗೆ ಸಿಟ್ಟು ಬಂತು. "ಹಬ್ಬದ ಹೊತ್ತಲ್ಲೂ ನಿಲ್ಲಿಸ್ತೀಯಲ್ಲಪ್ಪ, ಇನ್ನು ಅಕ್ಕಿ ಯಾವಾಗ ಬೀಸ್ತೀಯ?"

"ಮೇಲೆ ನಮ್ಮ ಹುಡುಗನ ರಕ್ತ ನಿಂತೈತೆ," ಎಂದರು ಚೆನ್ನಪ್ಪ. "ಅದು ಇಳೀಲಿ ತಾಳಮ್ಮ."

ವಿಷಯ ಸಾಲಿನುದ್ದಕ್ಕೂ ಹೋಯಿತು. ಆಮೇಲೆ ಯಾರೂ ಗೊಣಗಲಿಲ್ಲ. ಡಬ್ಬಿ ಕೆಳಗಿಟ್ಟು, ಅದರ ಮೇಲೇ ಕೂತರು. ನಾನು ಕಿಟಕಿಯಿಂದ ನೋಡಿದಾಗಲೆಲ್ಲ ಯಾರಾದರೊಬ್ಬರು ಮೇಲೆ ನೋಡುತ್ತಿದ್ದರು. ನನಗೂ ಕೈಗೆ ಬೇರೆ ಕೆಲಸ ಹತ್ತಲಿಲ್ಲ. ಗಂಟೆಯಾದ ಮೇಲೆ ಕೊಳವೆ ನೋಡಿದೆ, ಶೇಷಾದ್ರಿಯವರನ್ನು ಕರೆದು ತೋರಿಸಿದೆ. ಅವರು ನೋಡಿ, "ಹೋಗು, ನೀನೇ ಹೇಳಿ ಬಾ" ಎಂದರು.

ನಾನು ಮೆಟ್ಟಿಲಿಳಿದೆ. ಸಾಲಿನಲ್ಲಿ ಕೂತಿದ್ದವರು ಎದ್ದು ನಿಂತರು. ಚೆನ್ನಪ್ಪನವರು ಮಿಷನ್ನಿನ ಪಕ್ಕದಲ್ಲಿ, ಮಂಜನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಎಷ್ಟಮ್ಮ?"

"ಎಂಟು, ಚೆನ್ನಪ್ಪನೋರೇ."

ಅವರು ಅಷ್ಟಕ್ಕೇ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೇಳಿದರು. "ಕಳೆದಿದ್ದಾ?"

"ಇಲ್ಲ. ಏನೂ ಕಳೆದಿಲ್ಲ. ಬಂದಿದ್ದೇ ಎಂಟು."

ಅವರು ತಿರುಗಿ ಬೆಲ್ಟು ಏರಿಸಿ ಸ್ವಿಚ್ಚು ಹಾಕಿದರು. ಮುದುಕಿ ತನ್ನ ಡಬ್ಬಿ ಮುಂದೆ ತಳ್ಳಿದಳು. ನಾನು ಮೇಲೆ ಬಂದಾಗ ನನ್ನ ಗಾಜಿನ ಸಾಮಾನೆಲ್ಲ ಅದುರುತ್ತಿತ್ತು. ನಾನು ಸ್ವಲ್ಪ ಹೊತ್ತು ಅದನ್ನು ಕೇಳುತ್ತಾ ಸುಮ್ಮನೆ ನಿಂತಿದ್ದೆ.